ಹಬ್ಬದ ಪಟ್ಟಿ ಗೋಡೆಯ ಮೇಲಿರಲಿ

ಗಣೇಶನನ್ನು ನೀರಿಗೆ ಬಿಟ್ಟು ಬಂದ ಮೇಲೆ ನಮ್ಮ ಕಡೆ ಮನೆಮನೆಯಲ್ಲೂ ಕೇಳಿಬರುವ ಮಾತೊಂದಿದೆ: ‘ಇನ್ನೇನು, ದಸರಾ ಬಂದೇಬಿಡ್ತು.’ ಅರ್ಧ ಸಂಭ್ರಮ, ಅರ್ಧ ದಿಗಿಲಿನ ಮಾತು ಅದು. ಸಂಭ್ರಮ ಯಾರದು, ದಿಗಿಲು ಯಾರದು ಅಂತ ಗಮನಿಸಿದರೆ ಆ ಮನೆ ಹೇಗೆ ನಡೆಯುತ್ತಿದೆ ಅನ್ನುವುದು ತಿಳಿದುಹೋಗುತ್ತದೆ.

ಹೊಸದಾಗಿ ಸಂಸಾರ ಹೂಡಿ, ಈ ಸಲ ನಮ್ಮದೇ ಮನೆಯಲ್ಲಿ ಬೊಂಬೆ ಕೂರಿಸೋಣ, ನಮ್ಮದೇ ಬಾಗಿಲಲ್ಲಿ ದೀಪ ಹಚ್ಚೋಣ ಅಂದುಕೊಂಡಿರುವ ಮಕ್ಕಳು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ: ‘ದೊಡ್ಡಮ್ಮ, ಒಂದು ಲಿಸ್ಟ್ ಮಾಡಿಕೊಡಿ.’ ಅರಿಶಿನ, ಕುಂಕುಮ, ಅಡಿಕೆ, ಕರ್ಪೂರ ಅಂತ ಶುರುಮಾಡಿ ಒಂದು ಹಾಳೆ ತುಂಬಿಸಿಕೊಡುವುದು ಏನು ಮಹಾ? ಅಂಥ ಪಟ್ಟಿ ನಿಮ್ಮ ಫೋನಿನಲ್ಲೇ ಬೇಕಾದಷ್ಟು ಸಿಗುತ್ತದೆ. ಆ ಪಟ್ಟಿ ಯಾರ ತಲೆಯಲ್ಲಿ ಕೂತಿರಬೇಕು ಅನ್ನುವುದನ್ನು ಮೊದಲು ಇಬ್ಬರೂ ಕೂತು ತೀರ್ಮಾನ ಮಾಡಿಕೊಳ್ಳಿ. ಮಿಕ್ಕಿದ್ದು ಆಮೇಲೆ.

ಹಬ್ಬದ ಕೆಲಸಗಳಲ್ಲಿ ಯಾರ ಕಣ್ಣಿಗೂ ಬೀಳದ ಕೆಲಸ ನೆನಪಿಟ್ಟುಕೊಳ್ಳುವುದು. ಅಮಾವಾಸ್ಯೆ ಯಾವತ್ತು ಬಿದ್ದಿದೆ, ಸಿಲಿಂಡರ್ ಇನ್ನೆಷ್ಟು ದಿನ ಬಂದೀತು, ಹೂವಿನವಳಿಗೆ ಎರಡು ದಿನ ಮುಂಚೆ ಹೇಳಿಡಬೇಕು, ಮಾವನವರ ಬಿಪಿ ಮಾತ್ರೆ ಮುಗಿಯುತ್ತಾ ಬಂತು, ಹೋದ ವರ್ಷ ಬಾಳೆಎಲೆ ಸಾಲದೆ ಪಕ್ಕದ ಮನೆಯಿಂದ ತಂದಿದ್ದಾಯಿತು. ನಮ್ಮ ಕಾಲದಲ್ಲಿ ಇಷ್ಟೂ ಒಬ್ಬ ಹೆಂಗಸಿನ ತಲೆಯಲ್ಲಿರುತ್ತಿತ್ತು. ರಾತ್ರಿ ಎಲ್ಲರೂ ಗೊರಕೆ ಹೊಡೆಯುತ್ತಿದ್ದರೆ ಆಕೆ ಕಣ್ಣುಬಿಟ್ಟುಕೊಂಡು ಬಾಳೆಎಲೆ ಎಣಿಸುತ್ತಿದ್ದಳು. ಗಂಡ ಒಳ್ಳೆಯವನೇ. ‘ಏನಾದರೂ ತರಬೇಕಿದ್ರೆ ಹೇಳು’ ಅನ್ನುತ್ತಿದ್ದ. ತರುವುದಷ್ಟೇ ಅವನ ಪಾಲಿಗೆ. ಹೇಳುವುದು, ಮತ್ತೆ ಜ್ಞಾಪಿಸುವುದು, ವೀಳ್ಯದೆಲೆ ಬದಲು ಇನ್ನೇನೋ ತಂದರೆ ಸುಮ್ಮನೆ ನಕ್ಕು ತಾನೇ ಮತ್ತೆ ಅಂಗಡಿಗೆ ಹೋಗುವುದು ಎಲ್ಲ ಇವಳ ಪಾಲಿಗೆ.

ಈಗ ಕಾಲ ಬದಲಾಗಿದೆ ಅನ್ನುತ್ತೀರಿ. ಎಷ್ಟು ಬದಲಾಗಿದೆ ಅಂತ ಸರ್ಕಾರವೇ ಲೆಕ್ಕ ಹಾಕಿದೆ. ದಿನದ ಸಮಯವನ್ನು ಜನ ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. ಐದು ವರ್ಷ ಹಿಂದೆ, 2019ರ ಸಮೀಕ್ಷೆಯಲ್ಲಿ, ಹೆಂಗಸರದು 299 ಇತ್ತು, ಗಂಡಸರದು 97. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಸಂತೋಷ. ಆದರೆ ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡರು ನೋಡಿ! ಇನ್ನು ರಾತ್ರಿ ಮಲಗಿ ಎಲೆ ಎಣಿಸುವ ಹೊತ್ತನ್ನು ಯಾವ ಸಮೀಕ್ಷೆಯವರೂ ಬಂದು ಅಳೆಯುವುದಿಲ್ಲ.

ಅದಕ್ಕೇ ನಾನು ಹೇಳುವುದು, ಪಟ್ಟಿಯನ್ನು ತಲೆಯಿಂದ ತೆಗೆದು ಗೋಡೆಗೆ ಹಾಕಿ. ಅಡುಗೆಮನೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇರುತ್ತದಲ್ಲ, ತಿಥಿ ನಕ್ಷತ್ರದ ಜೊತೆ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಬರೆದುಕೊಳ್ಳುತ್ತಾ ಬಂದದ್ದು, ಅದರ ಪಕ್ಕದಲ್ಲೇ ಒಂದು ದೊಡ್ಡ ಹಾಳೆ ಅಂಟಿಸಿ. ಫೋನಿನಲ್ಲೂ ಬರೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಫೋನು ಒಬ್ಬರ ಜೇಬಿನಲ್ಲಿರುತ್ತದೆ. ಗೋಡೆ ಮೇಲಿದ್ದದ್ದು ಮಗುವಿಗೂ ಕಾಣುತ್ತದೆ, ಊರಿಂದ ಬಂದ ಅತ್ತೆಗೂ ಕಾಣುತ್ತದೆ. ಪ್ರತಿ ಕೆಲಸದ ಮುಂದೆ ಒಂದು ಹೆಸರು ಬರೆಯಿರಿ. ‘ಹೂವು’ ಅಂತ ಬರೆದು ಗಂಡನ ಹೆಸರು ಬರೆದರೆ, ಸೇವಂತಿಗೆ ಎಷ್ಟು ಮಾರು ಬೇಕು ಅಂತ ಅಂದಾಜು ಮಾಡುವುದರಿಂದ ಹಿಡಿದು, ಚೌಕಾಸಿ ಮಾಡಿ ತರುವುದು, ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು, ಬಾಗಿಲಿಗೆ ಕಟ್ಟುವುದು, ಬಾಡಿದ ಮೇಲೆ ತೆಗೆದು ಹಸಿಕಸಕ್ಕೆ ಹಾಕುವುದು, ಅಲ್ಲಿಯವರೆಗೂ ಅವನದೇ. ಮಧ್ಯೆ ಹೆಂಡತಿಯನ್ನು ಕೇಳಕೂಡದು. ಹೆಂಡತಿಯೂ ಮಧ್ಯೆ ಬಾಯಿ ಹಾಕಕೂಡದು. ಈ ಎರಡನೆಯದೇ ಕಷ್ಟ. ಅವನು ತಂದ ಸೇವಂತಿಗೆ ಸ್ವಲ್ಪ ಬಾಡಿದ್ದರೂ ಅದೇ ಆ ವರ್ಷದ ಸೇವಂತಿಗೆ ಅಂತ ಒಪ್ಪಿಕೊಳ್ಳಬೇಕು. ‘ನನಗೇ ಬಿಟ್ಟಿದ್ದರೆ ಚೆನ್ನಾಗಿರೋದು’ ಅಂದ ಕ್ಷಣ ಆ ಕೆಲಸ ವಾಪಸು ನಿಮ್ಮ ಮಡಿಲಿಗೇ ಬಂದು ಬೀಳುತ್ತದೆ, ಮತ್ತೆ ಹೋಗುವುದಿಲ್ಲ.

ಇನ್ನು ದಿನದ ಲೆಕ್ಕ. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ, ಇವತ್ತಿನಿಂದ ಮುಂದಕ್ಕಲ್ಲ. ಮೊದಲು ಪಂಚಾಂಗ ನೋಡಿ. ನಮ್ಮ ಹಬ್ಬಗಳು ಇಂಗ್ಲಿಷ್ ತಾರೀಖಿಗೆ ಕಟ್ಟುಬಿದ್ದವಲ್ಲ. 2025ರಲ್ಲಿ ನವರಾತ್ರಿಯ ನಡುವೆ ಒಂದು ದಿನ ಹೆಚ್ಚಾಗಿ ಮೈಸೂರಿನ ದಸರಾ ಹನ್ನೊಂದು ದಿನ ನಡೆಯಿತು. ಜಂಬೂಸವಾರಿ ಅಕ್ಟೋಬರ್ 2ಕ್ಕೆ ಬಂತು, ಅದೇ 20ಕ್ಕೆ ನರಕ ಚತುರ್ದಶಿ. 2026ರಲ್ಲಿ ಜ್ಯೇಷ್ಠ ಅಧಿಕ ಮಾಸವಾಗಿ ದೀಪಾವಳಿ ನವೆಂಬರ್‌ಗೆ ಜಾರುತ್ತದೆ. ಹೋದ ವರ್ಷದ ಅಂದಾಜಿನಲ್ಲಿ ಆಫೀಸಿಗೆ ರಜೆ ಹಾಕಿ, ಆಮೇಲೆ ಹಬ್ಬ ಆ ವಾರವೇ ಅಲ್ಲ ಅಂತ ಪೇಚಾಡಿದವರನ್ನು ನೋಡಿದ್ದೇನೆ. ತಾರೀಖು ಎಷ್ಟೇ ಓಡಾಡಲಿ, ಹಬ್ಬಹಬ್ಬದ ನಡುವಿನ ಅಂತರ ಮಾತ್ರ ಅಷ್ಟಷ್ಟೇ ಇರುತ್ತದೆ: ಮಹಾಲಯಕ್ಕೆ ಒಂದು ಪಕ್ಷ, ನವರಾತ್ರಿಗೆ ಹತ್ತು ದಿನ, ವಿಜಯದಶಮಿಯಿಂದ ದೀಪಾವಳಿ ಅಮಾವಾಸ್ಯೆಗೆ ಇಪ್ಪತ್ತು ದಿನದ ಆಸುಪಾಸು. ಈ ಚೌಕಟ್ಟಿನೊಳಗೇ ನಿಮ್ಮ ಕೆಲಸ ಕೂರಬೇಕು.

ಊರಿಗೆ ಹೋಗುವವರಿಗೆ ಇಲ್ಲೊಂದು ಗುಟ್ಟು ಹೇಳುತ್ತೇನೆ. ರೈಲ್ವೆಯವರು ಮುಂಗಡ ಟಿಕೆಟ್ಟಿನ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನದಿಂದ 60 ದಿನಕ್ಕೆ ಇಳಿಸಿದರು. ಅರವತ್ತು ದಿನ ಅಂದರೆ ಹೆಚ್ಚುಕಡಿಮೆ ಎರಡು ಚಾಂದ್ರಮಾಸ. ಹಾಗಾಗಿ ಆಯುಧಪೂಜೆಯ ಟಿಕೆಟ್ಟು ತೆರೆಯುವುದು ವರಮಹಾಲಕ್ಷ್ಮಿ ಹಬ್ಬದ ಹಿಂದುಮುಂದಿನ ವಾರದಲ್ಲಿ, ದೀಪಾವಳಿಯ ಟಿಕೆಟ್ಟು ಕೃಷ್ಣಾಷ್ಟಮಿ ಕಳೆದ ಮೇಲೆ, ಗೌರಿಹಬ್ಬಕ್ಕೆ ಮುಂಚೆ. ಚಕ್ಕುಲಿ ಕೋಡುಬಳೆ ಮಾಡಿ ಕೃಷ್ಣನಿಗೆ ನೈವೇದ್ಯ ಇಟ್ಟ ವಾರವೇ ಟಿಕೆಟ್ಟಿನ ಕಡೆಗೂ ಒಂದು ಕಣ್ಣಿಡಬೇಕು ಅಂತ ಜ್ಞಾಪಕ ಇಟ್ಟುಕೊಂಡರೆ ಯಾವ ಅಲಾರಮ್ಮೂ ಬೇಡ. ಈ ವರ್ಷ ತಪ್ಪಿಹೋಯಿತು ಅಂದರೆ ತತ್ಕಾಲ್ ಇದೆ. ಹಿಂದಿನ ದಿನ ಬೆಳಿಗ್ಗೆ ಎಸಿಗೆ ಹತ್ತು ಗಂಟೆ, ಮಿಕ್ಕಿದ್ದಕ್ಕೆ ಹನ್ನೊಂದು. 2025ರ ಜುಲೈನಿಂದ ಆನ್‌ಲೈನ್‌ನಲ್ಲಿ ತತ್ಕಾಲ್ ಮಾಡಲು ಆಧಾರ್ ಜೋಡಣೆ ಆಗಿರಬೇಕು. ಅದನ್ನು ಹತ್ತಕ್ಕೆ ಐದು ನಿಮಿಷ ಇರುವಾಗ ಮಾಡಲು ಹೋಗಬೇಡಿ. ಬೈಕಿನಲ್ಲಿ ಮೈಸೂರಿಗೆ ಹೊರಡುವ ಹುಡುಗರಿಗೆ ಇನ್ನೊಂದು ಮಾತು: ಬೆಂಗಳೂರು–ಮೈಸೂರು ದಶಪಥದ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೊ ಬಿಡುವುದಿಲ್ಲ. ಸರ್ವಿಸ್ ರಸ್ತೆಯ ಲೆಕ್ಕದಲ್ಲೇ ಹೊತ್ತು ಇಟ್ಟುಕೊಳ್ಳಿ.

ಮಹಾಲಯದ ಪಕ್ಷ ಬಂದರೆ ನಿಮ್ಮ ವಯಸ್ಸಿನವರು ಕೈಕಟ್ಟಿ ಕೂರುತ್ತೀರಿ. ಹೊಸದು ಕೊಳ್ಳಬಾರದು, ಶುಭಕಾರ್ಯ ಇಲ್ಲ ಅಂತ ಮನೆಯಲ್ಲಿ ಹಿರಿಯರು ಹೇಳಿರುತ್ತಾರೆ. ನನ್ನನ್ನು ಕೇಳಿದರೆ ವರ್ಷದಲ್ಲಿ ಮನೆ ಒಪ್ಪ ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಹದಿನೈದು ದಿನ ಇಲ್ಲ. ಕೊಳ್ಳುವ ಚಪಲ ಇಲ್ಲ, ಬಂದುಹೋಗುವವರು ಕಡಿಮೆ, ಮದುವೆ ಮುಂಜಿಯ ಕರೆಯೋಲೆ ಇಲ್ಲ. ಕೊಳ್ಳುವುದಕ್ಕೆ ನಿಷೇಧ ಇದ್ದರೂ ಕೊಡುವುದಕ್ಕೆ ಯಾರೂ ಅಡ್ಡಿ ಹೇಳಿಲ್ಲ. ಅಟ್ಟ ಹತ್ತಿ. ನಿಮ್ಮ ಫ್ಲ್ಯಾಟಿನಲ್ಲಾದರೆ ಆ ಲಾಫ್ಟು. ಮಿಕ್ಸಿ ತಂದ ಡಬ್ಬ, ಟಿವಿ ತಂದ ಡಬ್ಬ, ಡಬ್ಬದೊಳಗಿನ ಥರ್ಮೋಕೋಲ್ ಎಲ್ಲ ಯಾವ ಮೋಹಕ್ಕೆ ಇಟ್ಟುಕೊಂಡಿದ್ದೀರೋ ನನಗಂತೂ ತಿಳಿಯದು. ಒಂದು ದಿನಕ್ಕೆ ಒಂದು ಕಪಾಟು ಸಾಕು. ಭಾನುವಾರ ಇಡೀ ಮನೆ ಕಿತ್ತು ಹಾಕಿ ಸಂಜೆಗೆ ಸುಸ್ತಾಗಿ, ಕಿತ್ತಿದ್ದನ್ನು ಹಾಗೇ ತುರುಕಿ ಬಾಗಿಲು ಹಾಕುವ ಶೌರ್ಯ ಬೇಡ. ಬಟ್ಟೆ ಕೊಡುವುದಾದರೆ ಒಗೆದು, ಗುಂಡಿ ಹೊಲಿದು, ಮಡಿಸಿ ಕೊಡಿ. ಹರಿದದ್ದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಇನ್ನೊಬ್ಬರ ಮೈಮೇಲೆ ಹಾಕಲು ಅದು ಲಾಯಕ್ಕಲ್ಲ.

ಹಿತ್ತಾಳೆ ತಾಮ್ರ ಈ ಪಕ್ಷದಲ್ಲೇ ತಿಕ್ಕಬೇಡಿ, ಹಬ್ಬಕ್ಕೆ ಮತ್ತೆ ಕಪ್ಪಾಗಿರುತ್ತದೆ. ಅಮಾವಾಸ್ಯೆಗೆ ಹಿಂದೆಮುಂದೆ ಹುಣಸೆಹಣ್ಣು, ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟರೆ ಹುಣಸೆಯ ಹುಳಿಯೇ ಕಿಲುಬನ್ನು ಕರಗಿಸುತ್ತದೆ, ತೋಳು ಬೀಳುವಷ್ಟು ಉಜ್ಜಬೇಕಾಗಿಲ್ಲ. ತೊಳೆದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿಡಬೇಕು. ಹಾಗೇ ಬೋರಲು ಹಾಕಿದರೆ ನೀರಿನ ಕಲೆ ಕೂತುಬಿಡುತ್ತದೆ.

ಇನ್ನು ತಿಂಡಿಯ ವಿಷಯ. ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಅಂತ ನಿಯಮ ಹಾಕಿಕೊಳ್ಳಬೇಡಿ. ಇಬ್ಬರೂ ಕೆಲಸಕ್ಕೆ ಹೋಗುವವರು. ಕಾಂಡಿಮೆಂಟ್ಸ್ ಅಂಗಡಿಯ ಕೋಡುಬಳೆ, ನಿಪ್ಪಟ್ಟು ತಂದರೆ ದೇವರೇನೂ ಮುನಿಸಿಕೊಳ್ಳುವುದಿಲ್ಲ. ಆದರೆ ಒಂದನ್ನಾದರೂ ಮನೆಯಲ್ಲಿ ಮಾಡಿ. ಒಂದೇ ಒಂದು. ನನ್ನ ಓಟು ಚಕ್ಕುಲಿಗೆ, ಯಾಕೆಂದರೆ ಅದರಲ್ಲಿ ಎಲ್ಲರಿಗೂ ಕೈಗೆ ಕೆಲಸ ಸಿಗುತ್ತದೆ.

ಚಕ್ಕುಲಿ ಮಾಡುವುದು ಒಂದು ಸಂಜೆಯ ಮಾತಲ್ಲ, ಮೂರು ಸಂಜೆಯದು. ಮೊದಲ ಸಂಜೆ ಅಕ್ಕಿ ತೊಳೆದು, ಬಸಿದು, ಹಳೆ ಪಂಚೆ ಮೇಲೆ ಫ್ಯಾನಿನಡಿ ಹರಡಿ. ಬಿಸಿಲಿಗೆ ಬೇಡ, ನೆರಳಲ್ಲೇ ಒಣಗಲಿ. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ. ಬೇಳೆಯನ್ನು ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿಯಬೇಕು, ಕೆಂಪಗೆ ಮಾಡಿದಿರೋ ಚಕ್ಕುಲಿ ಕಪ್ಪಗಾಗುತ್ತದೆ. ಎರಡನೆಯ ಸಂಜೆ ಗಿರಣಿ. ಇಲ್ಲೇ ಹೊಸಬರು ಎಡವುವುದು. ಡಬ್ಬ ಕೊಟ್ಟು ಮನೆಗೆ ಬಂದುಬಿಡುತ್ತಾರೆ. ಗಿರಣಿಯವನು ನಿಮಗಿಂತ ಮುಂಚೆ ಏನು ಬೀಸಿದ ಅಂತ ನಿಂತು ನೋಡಬೇಕು. ಖಾರದಪುಡಿ ಬೀಸಿದ್ದರೆ ಹತ್ತಿರ ಹೋಗಲೇಬೇಡಿ. ರಾಗಿ ಬೀಸಿದ್ದರೆ ‘ಯಾರದಾದರೂ ಅಕ್ಕಿ ಆದ ಮೇಲೆ ನಂದು ಹಾಕಪ್ಪ’ ಅಂತ ಪಕ್ಕಕ್ಕೆ ನಿಂತುಕೊಳ್ಳಿ. ಹಬ್ಬದ ಹಿಂದಿನ ವಾರ ಗಿರಣಿಯ ಮುಂದೆ ಡಬ್ಬಗಳ ಸಾಲೇ ಇರುತ್ತದೆ, ಅಕ್ಕಿಯವರು ಸಿಕ್ಕೇ ಸಿಗುತ್ತಾರೆ. ಹಿಟ್ಟು ಬಿಸಿಯಾಗಿರುತ್ತದೆ. ಮನೆಗೆ ತಂದ ಕೂಡಲೇ ಮುಚ್ಚಳ ತೆಗೆದು ಪೇಪರಿನ ಮೇಲೆ ಹರಡಿ ಆರಿಸಿ.

ಮೂರನೆಯ ಸಂಜೆ ಕರಿಯುವುದು. ಹಿಟ್ಟನ್ನೆಲ್ಲ ಒಟ್ಟಿಗೆ ಕಲಸಬೇಡಿ. ಉಪ್ಪು, ಇಂಗು, ಜೀರಿಗೆ, ಎಳ್ಳು, ಕಾಯಿಸಿದ ಬೆಣ್ಣೆ ಹಾಕಿ ಒಣಹಿಟ್ಟನ್ನು ಉದುರುದುರಾಗಿ ತಿಕ್ಕಿಟ್ಟುಕೊಂಡು, ಎರಡು ಒತ್ತಿನಷ್ಟಕ್ಕೆ ಮಾತ್ರ ನೀರು ಹಾಕಿ ನಾದಿಕೊಳ್ಳುತ್ತಾ ಹೋಗಿ. ಕಲಸಿಟ್ಟ ಹಿಟ್ಟು ಹೊತ್ತಾದಂತೆ ಎಣ್ಣೆ ಕುಡಿಯುತ್ತದೆ, ಬಣ್ಣ ಕೆಡುತ್ತದೆ. ಒತ್ತುವಾಗ ಎಳೆ ತುಂಡಾದರೆ ನೀರು ಸಾಲದು. ಬೆಂದ ಮೇಲೆ ಕಲ್ಲಾದರೆ ಬೆಣ್ಣೆ ಸಾಲದು. ಮುಟ್ಟಿದರೆ ಪುಡಿಯಾದರೆ ಬೆಣ್ಣೆ ಹೆಚ್ಚು. ಒಬ್ಬರು ನಾದಲಿ, ಒಬ್ಬರು ಒರಳು ತಿರುವಲಿ, ಒಬ್ಬರು ಬಾಣಲೆ ನೋಡಲಿ, ಮಗು ಮೊದಲ ಚಕ್ಕುಲಿಯ ರುಚಿ ನೋಡಲಿ. ಬಾಣಲೆಯ ಮುಂದೆ ಒಬ್ಬರೇ ಕೊನೆಯವರೆಗೂ ನಿಲ್ಲುವುದು ಬೇಡ, ಸರದಿ ಹಾಕಿಕೊಳ್ಳಿ. ಪೂರ್ತಿ ಆರುವ ಮುಂಚೆ ಡಬ್ಬಕ್ಕೆ ತುಂಬಿ ಮುಚ್ಚಿದರೆ ಒಳಗಿನ ಆವಿಗೇ ಮೆತ್ತಗಾಗುತ್ತದೆ, ಮೂರು ಸಂಜೆಯ ಶ್ರಮ ಮೂರು ಗಂಟೆಯಲ್ಲಿ ನೀರುಪಾಲು.

ಕರಿದ ಎಣ್ಣೆಯ ಬಗ್ಗೆ ನಮ್ಮಮ್ಮಂದಿರಿಗೆ ಗೊತ್ತಿಲ್ಲದ ಒಂದು ವಿಷಯ ನಿಮಗೆ ಗೊತ್ತಿರಬೇಕು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ಕೂಡುತ್ತಾ ಹೋಗುತ್ತವೆ. ಅವು ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ಮಿತಿ ಹಾಕಿದೆ. ಮನೆಯಲ್ಲಿ ಅಳೆಯುವ ಯಂತ್ರ ಇರುವುದಿಲ್ಲ. ಸೋಸಿಟ್ಟು ಒಂದೆರಡು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಿ. ದಸರೆಗೆ ಕರಿದದ್ದನ್ನು ದೀಪಾವಳಿಗೆ ಕಾಯಿಸಬೇಡಿ. ಸಿಂಕಿಗಂತೂ ಸುರಿಯಲೇಬೇಡಿ. ಹಾಗೆಯೇ ಬಾಣಲೆ ಇಡುವ ಮುಂಚೆ ಒಲೆಯ ಹಿಂದಿನ ರಬ್ಬರ್ ಕೊಳವೆ ಒಮ್ಮೆ ನೋಡಿ. ಅದಕ್ಕೆ ಐದು ವರ್ಷ ಆಯಸ್ಸು, ಮೇಲೆಯೇ ಅಚ್ಚಾಗಿರುತ್ತದೆ. ಸಿಲಿಂಡರು 14.2 ಕಿಲೋದ್ದು ನಿಮ್ಮಿಬ್ಬರಿಗೆ ತಿಂಗಳುಗಟ್ಟಲೆ ಬರುತ್ತಿರಬಹುದು, ಹಬ್ಬದ ತಿಂಗಳಲ್ಲಿ ಆ ಲೆಕ್ಕ ನಂಬಬೇಡಿ. ಊರೆಲ್ಲ ಬುಕ್ ಮಾಡುವ ವಾರದಲ್ಲಿ ನೀವೂ ಕಾಯಬೇಕಾಗುತ್ತದೆ.

ದುಡ್ಡಿನ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ನಿಮಗೆ ಅದು ಹಿಡಿಸುವುದಿಲ್ಲ ಅಂತ ಗೊತ್ತು. ಹಬ್ಬದ ಖರ್ಚನ್ನು ಮೊದಲೇ ಒಂದು ಮೊತ್ತ ಮಾಡಿ ತೆಗೆದಿಡಿ. ಕಂತಿನಲ್ಲಿ ಫ್ರಿಜ್ಜು ತರುವುದನ್ನು ಹಬ್ಬದ ಖರ್ಚಿಗೆ ಸೇರಿಸಬೇಡಿ. ಅದು ಬೇಕಿದ್ದರೆ ಯಾವ ತಿಂಗಳಾದರೂ ಬೇಕು, ಬೇಡದಿದ್ದರೆ ರಿಯಾಯಿತಿಯಲ್ಲೂ ಬೇಡ. ಬೀದಿಯಲ್ಲಿ ಯಾರೋ ನಡೆಸುವ ಪಟಾಕಿ ಚೀಟಿ, ದೀಪಾವಳಿ ಚೀಟಿ ಅಂತ ತಿಂಗಳು ತಿಂಗಳು ಕಟ್ಟಬೇಡಿ. 1982ರ ಕಾಯ್ದೆ ಪ್ರಕಾರ ಚೀಟಿ ನಡೆಸಲು ನೋಂದಣಿ ಬೇಕು, ಅದಿಲ್ಲದವರು ಹಬ್ಬದ ಹಿಂದಿನ ವಾರ ಬಾಗಿಲು ಹಾಕಿದರೆ ಕೇಳುವವರಿಲ್ಲ. ಬ್ಯಾಂಕಿನಲ್ಲೇ ಒಂದು ಆರ್‌ಡಿ ಹಾಕಿದರೆ ಆಯಿತು.

ಮನೆಗೆಲಸಕ್ಕೆ ಬರುವಾಕೆಯ ಹಬ್ಬದ ಹಣ ಮಾತ್ರ ಮೊದಲು ತೆಗೆದಿಡಿ. ಕಾರ್ಖಾನೆ, ಕಚೇರಿಯವರಿಗೆ ಕಾಯ್ದೆ ಗೊತ್ತುಮಾಡಿದ ಕನಿಷ್ಠ ಬೋನಸ್ ಶೇ. 8.33. ವರ್ಷಕ್ಕೆ ಹನ್ನೆರಡು ಸಂಬಳದಲ್ಲಿ ಅದು ಒಂದು ತಿಂಗಳದ್ದು. ನಿಮ್ಮ ಮನೆಯ ಪಾತ್ರೆ ತೊಳೆಯುವಾಕೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಒಂದು ತಿಂಗಳ ಸಂಬಳ ಕೊಡುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ, ನಿಮ್ಮಲ್ಲೂ ಇರಲಿ. ಕೊಡುವುದು ಹಬ್ಬದ ದಿನ ಅಲ್ಲ, ಹತ್ತು ದಿನ ಮುಂಚೆ. ಅವಳೂ ಮಕ್ಕಳಿಗೆ ಬಟ್ಟೆ ತರಬೇಕು, ಅವಳೂ ಬೇಳೆ ಬೆಲ್ಲ ತರಬೇಕು. ಹಬ್ಬದ ದಿನ ರಜೆ ಕೊಡಿ. ‘ಬೆಳಿಗ್ಗೆ ಬೇಗ ಬಂದು ಹೋಗಿಬಿಡು’ ಅಂತ ಅವಳ ಮನೆಯ ಹಬ್ಬವನ್ನು ನಿಮ್ಮ ಸಿಂಕಿನಲ್ಲಿ ಮುಳುಗಿಸಬೇಡಿ.

ಬೊಂಬೆಗೆ ಬರೋಣ. ನನಗೆ ಇಷ್ಟವಾದ ಕೆಲಸ, ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮೂರು ಮೆಟ್ಟಿಲಾದರೆ ಮೂರು, ಐದಾದರೆ ಐದು. ಬೆಸ ಸಂಖ್ಯೆ ಇದ್ದರಾಯಿತು, ಪಕ್ಕದ ಮನೆಯವರ ಒಂಬತ್ತು ನೋಡಿ ಡೈನಿಂಗ್ ಟೇಬಲ್ಲೂ ಸೇರಿಸಿ ಗೋಪುರ ಕಟ್ಟಬೇಡಿ. ಮೇಲಿನ ಮೆಟ್ಟಿಲಿಗೆ ಪಟ್ಟದ ಬೊಂಬೆಗಳು, ಅಮ್ಮ ಮದುವೆಯಲ್ಲಿ ಕೊಟ್ಟ ಆ ಮರದ ರಾಜರಾಣಿ. ಅವರಿಗೆ ಸೀರೆ ಉಡಿಸುವ, ಪಂಚೆ ಸುತ್ತುವ ಕೆಲಸ ಮನೆಯ ಗಂಡುಹುಡುಗನಿಗೆ ಕೊಟ್ಟು ನೋಡಿ, ಎಷ್ಟು ಶ್ರದ್ಧೆಯಿಂದ ಮಾಡುತ್ತಾನೆ ಅಂತ. ಚನ್ನಪಟ್ಟಣದ ಬೊಂಬೆ ಇದ್ದರೆ ದೀಪದ ಹತ್ತಿರ ಇಡಬೇಡಿ. ಹಾಲೆಮರದ ಮೇಲೆ ಅರಗಿನ ಬಣ್ಣ ಅದು, ಶಾಖಕ್ಕೆ ಮೆತ್ತಗಾಗಿ ಹೊಳಪು ಹೋಗುತ್ತದೆ. ಕೂರಿಸಿದ ಮೇಲೆ ಪ್ರತಿ ಮೆಟ್ಟಿಲಿನದೂ ಒಂದು ಫೋಟೊ ತೆಗೆದಿಡಿ. ಇನ್‌ಸ್ಟಾಗ್ರಾಮಿಗೆ ಹಾಕುವುದು ನಿಮ್ಮಿಷ್ಟ, ಮುಂದಿನ ವರ್ಷ ಮದುವೆ ಮೆರವಣಿಗೆಯ ಓಲಗದವನು ಎಲ್ಲಿದ್ದ ಅಂತ ಹುಡುಕುವಾಗ ಆ ಫೋಟೊ ಬೇಕಾಗುತ್ತದೆ.

ಸಂಜೆ ಬೀದಿಯ ಮಕ್ಕಳು ‘ರೀ, ಬೊಂಬೆ ಕೂರ್ಸಿದೀರಾ?’ ಅಂತ ಬರುತ್ತಿದ್ದರು, ನಾವು ಬೊಂಬೆ ಬಾಗಿನ ಅಂತ ಏನಾದರೂ ತಿಂಡಿ ಕೈಗೆ ಹಾಕುತ್ತಿದ್ದೆವು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಪಕ್ಕ ಒಂದು ಚೀಟಿ ಅಂಟಿಸಿದರೂ ಮಕ್ಕಳು ಬರುತ್ತಾರೆ. ದಿನಕ್ಕೊಂದು ತಿಂಡಿ ಮಾಡುವ ಹಟ ಬೇಡ. ಉಸಲಿ, ಹುರಿಗಡಲೆ ಸಕ್ಕರೆ, ದ್ರಾಕ್ಷಿ ಗೊನೆ, ಒಂದು ದಿನ ಬರಿಯ ಬಿಸ್ಕತ್ತು. ಮಕ್ಕಳಿಗೆ ಬಾಗಿಲು ತೆರೆದಿರುವುದು ಮುಖ್ಯ.

ಇಳಿಸುವಾಗ ಅವಸರ ಮಾಡುವವರೇ ಎಲ್ಲರೂ. ವಿಜಯದಶಮಿ ರಾತ್ರಿ ಒಂದು ಬೊಂಬೆಯನ್ನು ಮಲಗಿಸಿ, ಮಾರನೆಯ ದಿನ ಎತ್ತಿಡಬೇಕು. ಅಷ್ಟರಲ್ಲಿ ರಜೆ ಮುಗಿದಿರುತ್ತದೆ, ಆಫೀಸಿನ ಲ್ಯಾಪ್‌ಟಾಪು ಬಾಯಿ ತೆರೆದಿರುತ್ತದೆ, ಬೊಂಬೆಗಳು ಹೇಗೋ ಡಬ್ಬಕ್ಕೆ ಬೀಳುತ್ತವೆ. ಮಣ್ಣಿನ ಬೊಂಬೆ ಒಡೆಯುವುದು ಮೆಟ್ಟಿಲಿನ ಮೇಲಲ್ಲ, ಆ ಡಬ್ಬದೊಳಗೆ. ಒಂದೊಂದನ್ನೂ ಹಳೆ ಹತ್ತಿಬಟ್ಟೆಯಲ್ಲಿ ಸುತ್ತಿ, ಮೂಗು, ಕೈಬೆರಳು ಇರುವ ಕಡೆ ಇನ್ನೊಂದು ಮಡಿಕೆ ಕೊಡಿ. ಮರದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮುಂಗಾರಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬೇವಿನ ಒಣಎಲೆ, ನಾಲ್ಕು ಲವಂಗ ಹಾಕಿ. ಡಬ್ಬದ ಮೇಲೆ ಒಳಗಿನ ಬೊಂಬೆಗಳ ಹೆಸರು, ಎತ್ತಿಟ್ಟವರ ಹೆಸರು ಎರಡನ್ನೂ ಬರೆಯಿರಿ.

ಆಯುಧಪೂಜೆಗೆ ಗಾಡಿ ತೊಳೆಯುವುದು, ಕತ್ತರಿ, ಈಳಿಗೆಮಣೆ, ಲ್ಯಾಪ್‌ಟಾಪಿಗೆ ಕುಂಕುಮ ಇಡುವುದು ನಿಮಗೆ ಹೇಳಿಕೊಡಬೇಕಾಗಿಲ್ಲ. ಬೂದುಗುಂಬಳ ಒಡೆದದ್ದನ್ನು ರಸ್ತೆಯಲ್ಲಿ ಹಾಗೇ ಬಿಟ್ಟು ಒಳಗೆ ಹೋಗಬೇಡಿ, ಅಷ್ಟೇ. ಆ ತಿರುಳಿನ ಮೇಲೆ ಜಾರಿ ಬೀಳುವುದು ಯಾರದೋ ಮನೆಯ ಸ್ಕೂಟರು. ಒಡೆಯುವವನ ಕೈಯಲ್ಲೇ ಪೊರಕೆಯೂ ಇರಲಿ.

ದಸರೆಯಿಂದ ದೀಪಾವಳಿಗೆ ಸಿಗುವ ಆ ಇಪ್ಪತ್ತು ದಿನದಲ್ಲಿ ಮೊದಲ ವಾರ ಏನೂ ಮಾಡಬೇಡಿ. ನಿಜವಾಗಿ. ಪಟ್ಟಿಯಲ್ಲಿ ಆ ವಾರ ಖಾಲಿಯೇ ಇರಲಿ. ನೀವು ಎಷ್ಟೇ ಲೆಕ್ಕ ಹಾಕಿದರೂ ಏನೋ ಒಂದು ಬಂದು ಅಡ್ಡ ನಿಲ್ಲುತ್ತದೆ. 2025ರಲ್ಲಿ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆ ಮುಗಿದು ಮಕ್ಕಳು ಚೀಲ ಹೆಗಲಿಗೇರಿಸುವ ಹೊತ್ತಿಗೆ, ಮೇಷ್ಟರೆಲ್ಲ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಹೋಗಿದ್ದರಿಂದ ಅಕ್ಟೋಬರ್ 18ರವರೆಗೆ ರಜೆ ಮುಂದಕ್ಕೆ ಹೋಯಿತು. ಅಜ್ಜಿಮನೆಗೆ ಹೋದ ಮಕ್ಕಳು ಅಲ್ಲೇ ಉಳಿದರು, ಕೆಲಸಕ್ಕೆ ಹೋಗುವ ತಾಯಂದಿರ ಲೆಕ್ಕವೆಲ್ಲ ತಲೆಕೆಳಗಾಯಿತು. ಖಾಲಿ ಬಿಟ್ಟ ದಿನಗಳು ಅಂಥ ಹೊತ್ತಿಗೆ ಕೈಹಿಡಿಯುತ್ತವೆ. ಎರಡನೆಯ ವಾರದಲ್ಲಿ ಸೀರಿಯಲ್ ಸೆಟ್ ಹಚ್ಚಿ ನೋಡಿ, ಗೀಸರ್ ಸರಿಯಾಗಿದೆಯಾ ನೋಡಿಸಿ. ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಕುತ್ತಿಗೆಗೆ ಬಳ್ಳಿ ಕಟ್ಟುತ್ತಿದ್ದ ಕಾಲ ಹೋಯಿತು. ಗೀಸರಿಗೇ ಕುಂಕುಮ ಇಡಿ, ತಪ್ಪೇನಿಲ್ಲ. ಅಭ್ಯಂಜನದ ಬೆಳಿಗ್ಗೆ ತಣ್ಣೀರು ಬಂದರೆ ಮಾತ್ರ ಎಲ್ಲರ ಬಾಯಿಗೂ ನೀವೇ ಸಿಕ್ಕುವುದು.

ಪಟಾಕಿ ಹಚ್ಚುವವರು ರಾತ್ರಿ ಎಂಟರಿಂದ ಹತ್ತರೊಳಗೆ ಮುಗಿಸಬೇಕು ಅಂತ 2018ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹತ್ತಿಬಟ್ಟೆ, ಕಾಲಿಗೆ ಚಪ್ಪಲಿ, ಪಕ್ಕದಲ್ಲಿ ಒಂದು ಬಕೆಟ್ ನೀರು. ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಬೇಡಿ, ಒತ್ತಬೇಡಿ, ಮನೆಮದ್ದು ಹಾಕಬೇಡಿ, ನೇರವಾಗಿ ಕಣ್ಣಾಸ್ಪತ್ರೆ. ಬೆಂಗಳೂರಿನ ಮಿಂಟೋ ಆಸ್ಪತ್ರೆಯಂಥ ಕಡೆ ಆ ರಾತ್ರಿಗಳಲ್ಲಿ ಇದಕ್ಕೆಂದೇ ವೈದ್ಯರು ಕಾದಿರುತ್ತಾರೆ. ಹತ್ತಿರದ ಆಸ್ಪತ್ರೆಯ ನಂಬರನ್ನೂ ಆ ಹಾಳೆಯಲ್ಲೇ ಬರೆದಿಡಿ.

ಯಾರ ಮನೆಯಲ್ಲಿ ಹಬ್ಬ ಅನ್ನುವ ಪ್ರಶ್ನೆಯನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗುವುದು ನಮ್ಮಲ್ಲಿ ನಡೆದುಬಂದದ್ದು, ಅದರಲ್ಲಿ ಜಗಳವಿಲ್ಲ. ಜಗಳ ಎರಡನೆಯ ದೀಪಾವಳಿಯಿಂದ. ಒಬ್ಬರ ಕಡೆಗೇ ವಾಲುವುದು ಬೇಡ, ಇಬ್ಬರ ತಂದೆತಾಯಿಗೂ ಶ್ರಾವಣದಲ್ಲೇ ಫೋನ್ ಮಾಡಿ, ‘ಈ ಸಲ ದಸರಾ ಅಲ್ಲಿ, ದೀಪಾವಳಿ ಇಲ್ಲಿ, ಮುಂದಿನ ವರ್ಷ ಅದಲುಬದಲು’ ಅಂತ ಹೇಳಿಬಿಡಿ. ಗಂಡನ ಮನೆಯವರಿಗೆ ಗಂಡ ಹೇಳಲಿ, ಹೆಂಡತಿಯ ಮನೆಯವರಿಗೆ ಹೆಂಡತಿ. ಅವನ ಮಾತನ್ನು ಅವನ ತಾಯಿಗೆ ನೀವು ಹೇಳಲು ಹೋದರೆ ಆ ತೀರ್ಮಾನ ನಿಮ್ಮದೊಬ್ಬರದೇ ಆಗಿಬಿಡುತ್ತದೆ. ಮೂತಿ ಉಬ್ಬಿಸುತ್ತಾರೆ, ಉಬ್ಬಿಸಲಿ. ಎರಡು ತಿಂಗಳು ಮುಂಚೆ ಉಬ್ಬಿದ ಮೂತಿ ಹಬ್ಬದ ಹೊತ್ತಿಗೆ ಇಳಿದಿರುತ್ತದೆ. ಹಿಂದಿನ ದಿನ ಹೇಳಿದರೆ ಸಂಕ್ರಾಂತಿಯವರೆಗೂ ಇಳಿಯುವುದಿಲ್ಲ.

ಹಿರಿಯರನ್ನು ನಿಮ್ಮ ಮನೆಗೇ ಕರೆದರೆ ಅವರಿಗೂ ಪಟ್ಟಿಯಲ್ಲಿ ಒಂದು ಹೆಸರು ಹಾಕಿ. ಕೂರಿಸಿ ಕಾಫಿ ಕೊಟ್ಟು ‘ನೀವು ರೆಸ್ಟ್ ತಗೊಳ್ಳಿ’ ಅಂದರೆ ನಮಗೆ ಹೊತ್ತು ಹೋಗುವುದಿಲ್ಲ, ಹೊತ್ತು ಹೋಗದ ಹಿರಿಯರು ಅಡುಗೆಮನೆಗೆ ಬಂದು ತಪ್ಪು ಹುಡುಕುತ್ತೇವೆ. ಬತ್ತಿ ಹೊಸೆಯಲು ಕೊಡಿ, ವೀಳ್ಯದೆಲೆ ಒರೆಸಲು ಕೊಡಿ. ಹೋಳಿಗೆಯ ಹೂರಣ ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದರೆ ತಟ್ಟುವುದಕ್ಕೆ ನಾನು ಬರುತ್ತೇನೆ, ಆದರೆ ಎಲೆ ಹಾಕಿದಾಗ ಬೇಯಿಸುವವರೂ ಎಲ್ಲರ ಜೊತೆ ಕೂರುವುದಾದರೆ ಮಾತ್ರ. ಬಿಸಿಬಿಸಿ ಬೇಕು ಅನ್ನುವವರು ಎದ್ದು ಹೋಗಿ ತಾವೇ ಬೇಯಿಸಿಕೊಳ್ಳಲಿ. ಬರುವ ದಿನ ಹೇಳಿ, ನಮ್ಮ ಮನೆಯ ಹೋಳಿಗೆ ಮಣೆಯನ್ನೂ ತರುತ್ತೇನೆ, ನಿಮ್ಮ ಹತ್ತಿರ ಇರುವುದು ತೀರ ಚಿಕ್ಕದು.